ನೂರಿಪ್ಪತ್ತು ದಿನಗಳ ನೆನಪು

ಕುವೈತ್ ನಗರದಿಂದ ಕಡಲತೀರವನ್ನು ಹಿಡಿದು ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ಸಾಗಿದರೆ ದೊರೆಯುವ ಫಹಾಹೀಲ್, ಎಣ್ಣೆಯ ಕಾಲಕ್ಕೆ ಮುನ್ನ, ಮೀನುಗಾರರೂ ಮುತ್ತಿಗಾಗಿ ಕಡಲಿಗಿಳಿಯುತ್ತಿದ್ದವರೂ ವಾಸವಾಗಿದ್ದ ಒಂದು ಸಣ್ಣ ಹಳ್ಳಿ. 1938ರಲ್ಲಿ ಸಮೀಪದ ಬುರ್ಗಾನ್ ಬಯಲಿನಲ್ಲಿ ತೈಲವು ಕಾಣಿಸಿಕೊಂಡು, 1946ರ ಜೂನ್ 30ರಂದು ಅಹ್ಮದಿಯ ತೀರದಿಂದ ಮೊದಲ ಹಡಗು ಕಚ್ಚಾತೈಲವನ್ನು ತುಂಬಿಕೊಂಡು ಹೊರಟ ಮೇಲೆ, ಆ ಹಳ್ಳಿಯು ಪೇಟೆಯಾಗಿ, ಪೇಟೆಯು ಪಟ್ಟಣವಾಗಿ, ನಮ್ಮ ಕರಾವಳಿಯ ಬಂಟರು, ಬ್ಯಾರಿಗಳು, ಕೊಂಕಣಿಗರು, ಬಿಲ್ಲವರು, ಭಟ್ಕಳದ ನವಾಯತರು ಮೊದಲಾದವರೆಲ್ಲರೂ ಬಂದು ನೆಲಸುವ ಠಾವಾಯಿತು. ಮಕ್ಕಾ ರಸ್ತೆಯ ಚಿನ್ನದಂಗಡಿಗಳ ಸಾಲಿನಲ್ಲಾಗಲಿ, ಹಣ ರವಾನಿಸುವ ಕಚೇರಿಯ ಸರತಿಯಲ್ಲಾಗಲಿ, ಅಲ್ ಕೂತ್ ಮಳಿಗೆಯ ಬದಿಯ ಮೀನುಪೇಟೆಯಲ್ಲಾಗಲಿ, ತುಳುವೋ ಕನ್ನಡವೋ ಕಿವಿಗೆ ಬೀಳದೆ ಒಂದು ಸಂಜೆ ಕಳೆಯುವುದು ಅಪರೂಪ. ಅಂಥದೇ ಒಂದು ಸಂಜೆ, ಇಲ್ಲಿಯವರು ಬಖಾಲವೆನ್ನುವ ಕಿರಾಣಿ ಅಂಗಡಿಯೊಂದರ ಗಲ್ಲೆಯ ಹಿಂದೆ ಕುಳಿತಿದ್ದ ಕುಂದಾಪುರದ ಕಡೆಯ ಮಿತ್ರರೊಬ್ಬರು ನನ್ನನ್ನು ಕರೆದು, “ನೀವು ಲೆಕ್ಕದವರಲ್ಲವೇ, ಈ ಕ್ಯಾಮೆರಾದ ಡಬ್ಬಿಗೆ ಎಷ್ಟು ದೊಡ್ಡ ಹಾರ್ಡ್ ಡಿಸ್ಕ್ ಹಾಕಬೇಕು, ಲೆಕ್ಕ ಹಾಕಿ ಹೇಳಿ” ಎಂದು ಕೇಳಿದ್ದೇ ಈ ಲೇಖನಕ್ಕೆ ಮೂಲ.

ಅವರು ಹಾಗೆ ಕೇಳಿದ್ದು ಕುತೂಹಲದಿಂದಲ್ಲ. ನಡೆದ ಒಂದು ನಷ್ಟದಿಂದ. ಯಾರೋ ಗಿರಾಕಿಯು ಎರಡು ತಿಂಗಳ ಹಿಂದೆ ತಾನು ಅಂಗಡಿಯಲ್ಲಿ ಮರೆತು ಹೋದ ಚೀಲದ ವಿಚಾರವಾಗಿ ತಕರಾರು ಎತ್ತಿದ್ದನು. ಆ ದಿನದ ಫುಟೇಜ್ ತೋರಿಸಿಬಿಟ್ಟರೆ ವ್ಯಾಜ್ಯವು ಮುಗಿಯಿತೆಂದು ಇವರು ಧೈರ್ಯವಾಗಿದ್ದರು. ತೆರೆದು ನೋಡಿದರೆ ಡಬ್ಬಿಯಲ್ಲಿ ಇದ್ದದ್ದು ಕಳೆದ 23 ದಿನಗಳ ಚಿತ್ರ ಮಾತ್ರ. ಕ್ಯಾಮೆರಾಗಳು ಎಂಟೂ ಕಣ್ಣು ಬಿಟ್ಟುಕೊಂಡೇ ಇದ್ದವು, ತೆರೆಯ ಮೇಲೆ ಎಂಟು ಚೌಕಗಳೂ ಮಿನುಗುತ್ತಿದ್ದವು, ಯಾವುದರಲ್ಲಿಯೂ ದೋಷವಿರಲಿಲ್ಲ. ಆದರೆ ನೋಡುವುದು ಬೇರೆ, ನೋಡಿದ್ದನ್ನು ನೆನಪಿಟ್ಟುಕೊಳ್ಳುವುದು ಬೇರೆ ಎಂಬ ಸಂಗತಿಯನ್ನು ಆ ಡಬ್ಬಿಯನ್ನು ಕೂರಿಸಿ ಹೋದವನು ಅವರಿಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ಲೆಕ್ಕಕ್ಕೆ ತೊಡಗುವ ಮುನ್ನ ಕಾನೂನನ್ನು ಹೇಳಬೇಕು, ಏಕೆಂದರೆ ಇಲ್ಲಿ ದಿನಗಳ ಸಂಖ್ಯೆಯು ನಮ್ಮ ಇಚ್ಛೆಗೆ ಬಿಟ್ಟದ್ದಲ್ಲ. ಭದ್ರತಾ ಕ್ಯಾಮೆರಾಗಳನ್ನು ನಿಯಂತ್ರಿಸುವ ಕುವೈತಿನ 2015ರ 61ನೇ ಸಂಖ್ಯೆಯ ಕಾನೂನು, ತನ್ನ ವ್ಯಾಪ್ತಿಗೆ ಸೇರಿದ ಹೋಟೆಲು, ಮಳಿಗೆ, ವಸತಿ ಸಂಕೀರ್ಣ, ಬ್ಯಾಂಕು ಮುಂತಾದ ಸ್ಥಳಗಳವರು ಮುದ್ರಿತ ಚಿತ್ರವನ್ನು 120 ದಿನಗಳ ಪರ್ಯಂತ ಕಾಪಾಡತಕ್ಕದ್ದೆಂದು ವಿಧಿಸುತ್ತದೆ. ಅದನ್ನು ತಿದ್ದಕೂಡದು, ಅಧಿಕಾರವುಳ್ಳವರಿಗಲ್ಲದೆ ಅನ್ಯರಿಗೆ ಒಪ್ಪಿಸಕೂಡದು, ಕ್ಯಾಮೆರಾ ಇದೆಯೆಂಬ ಫಲಕವನ್ನು ಜನರಿಗೆ ಕಾಣುವಂತೆ ಹಾಕಬೇಕು, ಮಲಗುವ ಕೋಣೆ, ಶೌಚಾಲಯ ಮುಂತಾದ ಖಾಸಗಿ ಎಡೆಗಳಲ್ಲಿ ಕ್ಯಾಮೆರಾ ಇಡಲೇಕೂಡದು. ಹೋಲಿಕೆಗಾಗಿ ನಮ್ಮೂರಿನ ಕಡೆಗೆ ನೋಡುವುದಾದರೆ, 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಅಧಿನಿಯಮವು ಜನ ಕಲೆಯುವ ಸಂಸ್ಥೆಗಳಿಗೆ 30 ದಿನಗಳ ಸಂಗ್ರಹವನ್ನು ಸಾಕೆನ್ನುತ್ತದೆ. ಅತ್ತ ಪರಮವೀರ್ ಸಿಂಗ್ ಸೈನಿಯ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 2ರಂದು ಪೊಲೀಸ್ ಠಾಣೆಗಳಿಗೆ 18 ತಿಂಗಳ, ಅದು ಅಸಾಧ್ಯವಾದರೆ ಕನಿಷ್ಠ ಒಂದು ವರ್ಷದ ಸಂಗ್ರಹವನ್ನು ವಿಧಿಸಿತು. ಮಂಗಳೂರಿನಲ್ಲಿ ಕ್ಯಾಮೆರಾದ ವ್ಯವಹಾರವನ್ನು ಕಲಿತು ಬಂದವನೊಬ್ಬನು ತಿಂಗಳ ಅಭ್ಯಾಸವನ್ನೇ ಫಹಾಹೀಲಿಗೂ ಅನ್ವಯಿಸಿದರೆ ನಾಲ್ಕರಲ್ಲಿ ಮೂರು ಪಾಲು ಮುಳುಗಿಹೋಗುವುದು ಹೀಗೆ.

ಈಗ ಗಣಿತ. ಇದನ್ನು ಕಷ್ಟವೆಂದು ತಿಳಿಯಬೇಕಾಗಿಲ್ಲ; ಹಾಲಿನ ಲೆಕ್ಕ ಬರೆದಿಟ್ಟವರಿಗೆ ಇದೂ ಬರುತ್ತದೆ. ಕ್ಯಾಮೆರಾ ಒಂದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಮಾಹಿತಿಯನ್ನು ಹೊರಸೂಸುತ್ತದೆಂಬುದನ್ನು ಅದರ ಸೆಟ್ಟಿಂಗ್ ಪುಟದಲ್ಲಿ ಬಿಟ್‌ರೇಟ್ ಎಂಬ ಹೆಸರಿನಲ್ಲಿ ಬರೆದಿರುತ್ತಾರೆ. ದಿನಕ್ಕೆ 86,400 ಸೆಕೆಂಡು, ಬೈಟಿಗೆ 8 ಬಿಟ್ಟು. ಆದುದರಿಂದ ಸೆಕೆಂಡಿಗೆ 1 ಮೆಗಾಬಿಟ್ ಹರಿದರೆ ದಿನಕ್ಕೆ 10.8 ಗಿಗಾಬೈಟ್ ಕೂಡುತ್ತದೆ. ಈ 10.8 ಎಂಬ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಗಡಿಯವನ ಮಾತನ್ನು ನಂಬಿ ಕೂರುವ ಪ್ರಮೇಯವಿಲ್ಲ. ನನ್ನ ಮಿತ್ರರ ಕ್ಯಾಮೆರಾಗಳು ನಾಲ್ಕು ಮೆಗಾಪಿಕ್ಸೆಲ್ಲಿನವು, ಎಚ್.265 ಎಂಬ ಸಂಕೋಚನ ಕ್ರಮದಲ್ಲಿ ತಲಾ 2 ಮೆಗಾಬಿಟ್ ಕಳುಹಿಸುತ್ತಿದ್ದವು. ಎಂಟು ಸೇರಿ 16, ದಿನಕ್ಕೆ 172.8 ಗಿಗಾಬೈಟ್. ಡಬ್ಬಿಯೊಳಗೆ ಇದ್ದದ್ದು 4 ಟೆರಾಬೈಟಿನ ಒಂದೇ ಡಿಸ್ಕು. ಭಾಗಿಸಿ ನೋಡಿದರೆ ಬರುವುದು ಅದೇ 23 ದಿನ. 120 ದಿನಕ್ಕೆ ಬೇಕಾದದ್ದು 20.7 ಟೆರಾಬೈಟ್. ಕ್ಯಾಮೆರಾಗಳನ್ನು ಹಳೆಯ ಎಚ್.264 ಕ್ರಮದಲ್ಲಿಯೇ ಬಿಟ್ಟಿದ್ದರೆ, ಅದೇ ಚೊಕ್ಕ ಚಿತ್ರಕ್ಕೆ ಹೆಚ್ಚುಕಡಿಮೆ ಇಮ್ಮಡಿ ಬಿಟ್‌ರೇಟ್ ಬೇಕಾಗುವುದರಿಂದ, 41 ಟೆರಾಬೈಟನ್ನೂ ಮೀರುತ್ತಿತ್ತು. ಡಿಸ್ಕ್ ಕೊಳ್ಳಲು ಹೊರಡುವ ಮುನ್ನ ಕ್ಯಾಮೆರಾದ ಸೆಟ್ಟಿಂಗನ್ನು ನೋಡಿರಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ. ಅರ್ಧ ಹಣವು ಅಲ್ಲಿಯೇ ಉಳಿಯುತ್ತದೆ.

ಈ ಲೆಕ್ಕದಲ್ಲಿ ಎರಡು ಸೋರಿಕೆಗಳುಂಟು. ಡಿಸ್ಕು ಮಾರುವವನು ಸಾವಿರದ ಲೆಕ್ಕದಲ್ಲಿ ಟೆರಾಬೈಟನ್ನು ಅಳೆಯುತ್ತಾನೆ, ಕಂಪ್ಯೂಟರು 1,024ರ ಲೆಕ್ಕದಲ್ಲಿ ಅಳೆಯುತ್ತದೆ; ಆದ್ದರಿಂದ ಪೆಟ್ಟಿಗೆಯ ಮೇಲೆ 8 ಎಂದಿದ್ದದ್ದು ತೆರೆಯ ಮೇಲೆ 7.27 ಆಗುತ್ತದೆ. ಇದರಲ್ಲಿ ಮೋಸವಿಲ್ಲ, ಸೇರು ಬೇರೆ ಅಷ್ಟೆ. ಎರಡನೆಯದು ನಿಸರ್ಗದ್ದು. ಬಿಟ್‌ರೇಟನ್ನು ಸ್ಥಿರವಾಗಿರಿಸದೆ ದೃಶ್ಯಕ್ಕೆ ತಕ್ಕಂತೆ ಏರಿಳಿಯಲು ಬಿಟ್ಟರೆ, ರಾತ್ರಿಯ ಮಬ್ಬಿನಲ್ಲಿ ಚಿತ್ರದೊಳಗೆ ಕುದಿಯುವ ಕಾಳುಗಳೂ, ಇಲ್ಲಿಯವರು ತೋಝ್ ಎಂದು ಕರೆಯುವ ಧೂಳುಗಾಳಿ ಎದ್ದ ದಿನ ಹಾರುವ ಮರಳೂ, ಖರ್ಜೂರದ ಗರಿಯ ಅಲುಗಾಟವೂ ಕ್ಯಾಮೆರಾಗೆ ಚಲನೆಯಾಗಿಯೇ ಕಾಣಿಸಿ, ಹರಿವು ಹಿಗ್ಗುತ್ತದೆ. ಚಲನೆಯಿದ್ದಾಗ ಮಾತ್ರ ಮುದ್ರಿಸುವೆನೆಂಬ ಮಿತವ್ಯಯದ ಉಪಾಯವು ಇಂತಹ ದಿನಗಳಲ್ಲಿ ಏನನ್ನೂ ಉಳಿಸುವುದಿಲ್ಲ. ಶಾಂತವಾದ ದಿನಗಳಲ್ಲಿಯೋ, ಬೇಕಾದ ಆ ಮೂರು ಸೆಕೆಂಡುಗಳನ್ನೇ ಬಿಟ್ಟುಬಿಡುವ ಅಪಾಯವಿದೆ. ಅಂಗಡಿಯ ಒಳಗಿನ, ಗಲ್ಲೆಯ ಮೇಲಿನ ಕ್ಯಾಮೆರಾಗಳು ಸದಾಕಾಲವೂ ಮುದ್ರಿಸುತ್ತಿರಲಿ ಎಂಬುದು ನನ್ನ ಅಭಿಪ್ರಾಯ. ಈ ಸೋರಿಕೆಗಳಿಗಾಗಿ ನೂರಕ್ಕೆ ಇಪ್ಪತ್ತರಂತೆ ಸೇರಿಸಿದರೆ ಮಿತ್ರರ ಅಗತ್ಯವು 25 ಟೆರಾಬೈಟಿನ ಬಳಿ ನಿಂತಿತು.

ಇಪ್ಪತ್ತೈದು ಟೆರಾಬೈಟನ್ನು ಹೇಗೆ ಜೋಡಿಸುವುದೆಂಬ ಪ್ರಶ್ನೆಗೆ ಹೋಗುವ ಮುಂಚೆ ಕಿರ್ದಿ ಖಾತೆಗಳ ಮಾತನ್ನು ಎತ್ತಬೇಕಾಗಿದೆ. ನಮ್ಮ ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕಗಳಿರುತ್ತಿದ್ದುವಷ್ಟೆ: ನಡೆದದ್ದನ್ನು ನಡೆದ ಕ್ರಮದಲ್ಲಿ, ಗಿರಾಕಿಗಳ ಗದ್ದಲದ ನಡುವೆ, ಕೈ ಎತ್ತದೆ ಬರೆಯುವ ಕಿರ್ದಿ, ಸಂಜೆಯೋ ಮರುದಿನವೋ ಬಿಡುವಾಗಿ ಕುಳಿತು ಹೆಸರು ಹೆಸರಿಗೆ ವಿಂಗಡಿಸಿ ಏರಿಸುವ ಖಾತೆ. ಕಿರ್ದಿಗೆ ಬೇಕಾದದ್ದು ಬರೆಯುವ ವೇಗ, ಖಾತೆಗೆ ಬೇಕಾದದ್ದು ಬಾಳಿಕೆ ಮತ್ತು ಎಡೆ. ಕ್ಯಾಮೆರಾದ ಚಿತ್ರಕ್ಕೂ ಇದೇ ದ್ವಿವಿಧವಾದ ಆಶ್ರಯ ಬೇಕು: ಈ ಕ್ಷಣ ಬಂದದ್ದನ್ನು ಬಿದ್ದುಹೋಗದಂತೆ ಹಿಡಿಯುವ ಒಂದು, ಹಿಡಿದದ್ದನ್ನು ನಾಲ್ಕು ತಿಂಗಳು ಸಾಕುವ ಮತ್ತೊಂದು. ಮೈಲ್‌ಸ್ಟೋನಿನಂತಹ ಕ್ಯಾಮೆರಾ ನಿರ್ವಹಣೆಯ ದೊಡ್ಡ ತಂತ್ರಾಂಶಗಳು ಇವನ್ನು ಬೇರೆ ಬೇರೆಯಾಗಿಯೇ ಇಟ್ಟು, ಗೊತ್ತಾದ ವೇಳೆಗೆ ಮೊದಲನೆಯದರಿಂದ ಎರಡನೆಯದಕ್ಕೆ ಚಿತ್ರವನ್ನು ಸಾಗಿಸುತ್ತವೆ. ಎಂಟು ಕ್ಯಾಮೆರಾದ ಬಖಾಲಕ್ಕೆ ಎರಡು ಪುಸ್ತಕಗಳ ಆಡಂಬರವು ಬೇಡ. 16 ಮೆಗಾಬಿಟ್ ಎಂದರೆ ಸೆಕೆಂಡಿಗೆ 2 ಮೆಗಾಬೈಟ್, ಅದನ್ನು ಯಾವ ಡಿಸ್ಕೂ ಬೆವರದೆ ಬರೆಯುತ್ತದೆ. ನಾಲ್ಕು ಗೂಡುಗಳುಳ್ಳ, ಕ್ಯಾಮೆರಾದ ಚಿತ್ರವನ್ನು ಮುದ್ರಿಸಿಡುವ ಡಬ್ಬಿಯಾದ ಎನ್‌ವಿಆರ್ ಒಂದಿದ್ದು, ಅದರಲ್ಲಿ ಡಿಸ್ಕುಗಳ ಜೋಡಣೆ ಸರಿಯಾಗಿದ್ದರೆ ಆಯಿತು.

ಆ ಜೋಡಣೆಗೆ ರೇಡ್ ಎಂದು ಹೆಸರು. ಬರ್ಕಲಿಯ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಹೆಸರು ಲೋಕಕ್ಕೆ ಪರಿಚಿತವಾಯಿತು. ಹಲವು ಅಗ್ಗದ ಡಿಸ್ಕುಗಳು ಒಂದಾಗಿ ನಿಂತು, ಒಂದು ಸತ್ತರೂ ಉಳಿದವು ಅದರ ಪಾಲಿನ ಮಾಹಿತಿಯನ್ನು ಗಣಿಸಿ ಮರಳಿ ಹುಟ್ಟಿಸುವುದು ಇದರ ತಿರುಳು. ರೇಡ್ 5ರಲ್ಲಿ ಒಂದು ಡಿಸ್ಕಿನಷ್ಟು ಎಡೆಯು ಈ ವಿಮೆಗೆ ಹೋಗುತ್ತದೆ, ರೇಡ್ 6ರಲ್ಲಿ ಎರಡು ಡಿಸ್ಕಿನಷ್ಟು, ರೇಡ್ 10ರಲ್ಲಿ ಸರಿಯಾಗಿ ಅರ್ಧ. ನಾಲ್ಕು 8 ಟೆರಾಬೈಟುಗಳನ್ನು ರೇಡ್ 5ರಲ್ಲಿ ಕಟ್ಟಿದರೆ ದೊರೆಯುವುದು 24. ಅದು ಕೂದಲೆಳೆಯಷ್ಟು ಕಡಿಮೆ. ನಾಲ್ಕು 14 ಟೆರಾಬೈಟುಗಳನ್ನು ರೇಡ್ 6ರಲ್ಲಿ ಕಟ್ಟಿದರೆ 28. ವ್ಯಾಪಾರಿಗಳು ಸಾಮಾನ್ಯವಾಗಿ ಮೊದಲನೆಯದನ್ನು ಶಿಫಾರಸು ಮಾಡುತ್ತಾರೆ, ದುಡ್ಡು ಕಡಿಮೆಯೆಂದು. ನಾನು ಎರಡನೆಯದಕ್ಕೆ ಹೇಳಿದೆನು. ಕಾರಣವನ್ನು ವಿವರಿಸುವುದು ಅವಶ್ಯ.

ಡಿಸ್ಕು ಒಂದು ಸತ್ತು ಹೊಸದನ್ನು ಹಾಕಿದಾಗ, ಉಳಿದ ಡಿಸ್ಕುಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿ ಹೊಸದನ್ನು ತುಂಬಬೇಕಾಗುತ್ತದೆ. ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ, ಬೇರಾವ ಕೆಲಸವೂ ಇಲ್ಲದೆ ತುಂಬಿದರೂ 16 ಟೆರಾಬೈಟಿನ ಒಂದು ಡಿಸ್ಕಿಗೆ 22 ಗಂಟೆ ಹಿಡಿಯುತ್ತದೆ. ಕ್ಯಾಮೆರಾಗಳು ನಿಲ್ಲುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಕೆಲವು ದಿನಗಳೇ ಆಗುತ್ತವೆ. ಆ ದಿನಗಳಲ್ಲಿ ರೇಡ್ 5ಕ್ಕೆ ವಿಮೆಯಿಲ್ಲ. ಅದೇ ವಯಸ್ಸಿನ, ಅದೇ ಪೆಟ್ಟಿಗೆಯಿಂದ ಬಂದ, ಅದೇ ಸೆಕೆಯಲ್ಲಿ ಬೆಂದ ಉಳಿದ ಮೂರರ ಪೈಕಿ ಇನ್ನೊಂದು ಆ ಹೊತ್ತಿನಲ್ಲಿಯೇ ಸಾಯಲಿಕ್ಕಿಲ್ಲವೆಂದು ಹೇಳುವ ಎದೆ ನನಗಿಲ್ಲ. ಅಲ್ಲದೆ, ಸಾಮಾನ್ಯ ದರ್ಜೆಯ ಡಿಸ್ಕುಗಳ ವಿವರಪತ್ರದಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಮಾತಿರುತ್ತದೆ: 1ರ ಮುಂದೆ 14 ಸೊನ್ನೆಯಷ್ಟು ಬಿಟ್ಟುಗಳನ್ನು ಓದುವುದರೊಳಗೆ ಒಮ್ಮೆ ಓದಲಾರದ ತಪ್ಪು ಬರಬಹುದೆಂದು. ಅಷ್ಟು ಬಿಟ್ಟೆಂದರೆ 12.5 ಟೆರಾಬೈಟ್, ನಾಲ್ಕು 8ರ ರೇಡ್ 5ನ್ನು ಮರಳಿ ಕಟ್ಟುವಾಗ ಓದಬೇಕಾದದ್ದು 24. ಮೇಲ್ದರ್ಜೆಯ ಡಿಸ್ಕುಗಳಲ್ಲಿ ಈ ಸೊನ್ನೆಗಳು 15 ಇರುತ್ತವೆ. ಕೊಳ್ಳುವಾಗ ಅದನ್ನು ಕೇಳಿ ನೋಡಿರಿ.

ಡಿಸ್ಕಿನ ಜಾತಿಯ ವಿಷಯವಾಗಿಯೂ ಒಂದೆರಡು ಮಾತು. ಮೇಜಿನ ಕಂಪ್ಯೂಟರಿಗೆಂದು ಮಾಡಿದ ಡಿಸ್ಕು ದಿನಕ್ಕೆಂಟು ಗಂಟೆ ದುಡಿದು ಮಲಗುವ ಕಾರಕೂನ. ಕ್ಯಾಮೆರಾಗೆ ಬೇಕಾದದ್ದು ಹಗಲಿರುಳು ನಿದ್ದೆಯಿಲ್ಲದ ಹಾರಿಸ್, ಅಂದರೆ ಇಲ್ಲಿಯ ಕಟ್ಟಡದ ಕಾವಲುಗಾರ. ವೆಸ್ಟರ್ನ್ ಡಿಜಿಟಲಿನ ಪರ್ಪಲ್, ಸೀಗೇಟಿನ ಸ್ಕೈಹಾಕ್ ಎಂಬ ಹೆಸರಿನವು ಇದಕ್ಕೆಂದೇ ಸಿದ್ಧವಾದವು. ವರ್ಷಕ್ಕೆ 180 ಟೆರಾಬೈಟ್ ಹೊರೆಯನ್ನು ಹೊರುವೆವೆಂದು ಅವುಗಳ ಸಾಮಾನ್ಯ ಮಾದರಿಗಳ ವಿವರಪತ್ರ ಹೇಳುತ್ತದೆ. ಒಂದು ಚೌಕಟ್ಟಿನಲ್ಲಿ ಅಲ್ಪದೋಷ ಕಂಡರೆ ಅದನ್ನೇ ಹತ್ತಾರು ಬಾರಿ ಓದಿ ತಿದ್ದುತ್ತ ನಿಲ್ಲದೆ ಮುಂದಕ್ಕೆ ಬರೆದುಕೊಂಡು ಹೋಗುವ ಸ್ವಭಾವವೂ ಇವಕ್ಕುಂಟು. ಚಿತ್ರಕ್ಕೆ ಅದೇ ಹಿತ. ಎಸ್‌ಎಂಆರ್ ಎಂಬ, ಹೆಂಚು ಹೊದಿಸಿದಂತೆ ಜಾಡಿನ ಮೇಲೆ ಜಾಡನ್ನು ಏರಿಸಿ ಬರೆಯುವ ಡಿಸ್ಕುಗಳನ್ನು ರೇಡಿನೊಳಗೆ ಸೇರಿಸಲೇಬಾರದು. ಅವು ಅಗ್ಗ, ಆದರೆ ಮರಳಿ ಕಟ್ಟುವ ಹೊತ್ತಿನಲ್ಲಿ ತಿಣುಕುತ್ತವೆ.

ಇನ್ನು ದೊಡ್ಡ ಸಂಸಾರದ ವಿಚಾರ. ಅಂಗಡಿಗಳೂ ಮನೆಗಳೂ ಕೂಡಿದ, 48 ಕ್ಯಾಮೆರಾಗಳುಳ್ಳ ಕಟ್ಟಡವೊಂದನ್ನು ಕಲ್ಪಿಸಿಕೊಳ್ಳಿ. ಫಹಾಹೀಲಿನಲ್ಲಿ ಇಂತಹವು ಬೀದಿಗೆ ಹತ್ತಿವೆ. ತಲಾ 2 ಮೆಗಾಬಿಟ್ಟಿನಂತೆ ಒಟ್ಟು 96, ಅಂದರೆ ಸೆಕೆಂಡಿಗೆ 12 ಮೆಗಾಬೈಟ್. ದಿನಕ್ಕೆ ಒಂದು ಟೆರಾಬೈಟಿಗಿಂತ ತುಸು ಹೆಚ್ಚು. 120 ದಿನಕ್ಕೆ 124 ಟೆರಾಬೈಟನ್ನು ಮೀರುತ್ತದೆ, ಸೋರಿಕೆ ಸೇರಿ ಸುಮಾರು 150. ಇಲ್ಲಿ ಕಿರ್ದಿಯನ್ನು ಖಾತೆಯಿಂದ ಬೇರ್ಪಡಿಸದೆ ಗತಿಯಿಲ್ಲ, ಮತ್ತು ಅನೇಕರು ಎಡವುವುದೂ ಇಲ್ಲಿಯೇ. ಸೆಕೆಂಡಿಗೆ 200 ಮೆಗಾಬೈಟ್ ಬರೆಯುವ ಡಿಸ್ಕಿಗೆ 12 ಯಾವ ಲೆಕ್ಕ ಎಂದು ಅವರು ಕೇಳುತ್ತಾರೆ. ಆ 200 ಎಂಬುದು ಒಂದೇ ಉದ್ದನೆಯ ಸಾಲನ್ನು ಬರೆಯುವಾಗಿನ ವೇಗ. 48 ಜನ ಏಕಕಾಲದಲ್ಲಿ ಬೇರೆ ಬೇರೆ ಪುಟಗಳಲ್ಲಿ ಬರೆಸುತ್ತಿರುವಾಗ ಡಿಸ್ಕಿನ ಮುಳ್ಳು ಪುಟದಿಂದ ಪುಟಕ್ಕೆ ಹಾರಬೇಕಾಗುತ್ತದೆ. ಅಂತಹ ಹಾರಾಟವನ್ನು ಸಾಮಾನ್ಯ ಡಿಸ್ಕು ಸೆಕೆಂಡಿಗೆ 80 ಬಾರಿ ಮಾಡೀತು, ಹೆಚ್ಚೆಂದರೆ ನೂರು. 64 ಕಿಲೋಬೈಟಿನ ತುಣುಕುಗಳಾಗಿ ಬರೆದರೆ 12 ಮೆಗಾಬೈಟೆಂದರೆ ಸೆಕೆಂಡಿಗೆ ಸುಮಾರು 190 ಬರವಣಿಗೆ. ರೇಡ್ 6ರಲ್ಲಿ ಒಂದು ಸಣ್ಣ ಬರವಣಿಗೆಗೆ, ಹಳೆಯದನ್ನು ಓದಿ, ವಿಮೆಯ ಅಂಕಿಯನ್ನು ಓದಿ, ಎಲ್ಲವನ್ನೂ ಮತ್ತೆ ಬರೆಯುವ ದಂಡದಿಂದಾಗಿ, ಆರು ಕೆಲಸಗಳಾಗುತ್ತವೆ. ರೇಡ್ 5ರಲ್ಲಿ ನಾಲ್ಕು. ರೇಡ್ 10ರಲ್ಲಿ ಎರಡೇ. 190ನ್ನು ಆರರಿಂದ ಗುಣಿಸಿದರೆ 1,140. ಹನ್ನೆರಡು ಡಿಸ್ಕುಗಳ ಒಟ್ಟು ಶಕ್ತಿ 960. ಇದು ಅತಿ ಕೆಟ್ಟ ಪಕ್ಷದ ಲೆಕ್ಕವೆಂಬುದು ನಿಜ, ಬರವಣಿಗೆಯನ್ನು ಒಟ್ಟುಗೂಡಿಸುವ ಕ್ಯಾಶೆಯು ಅದನ್ನು ಬಹಳಷ್ಟು ಹಗುರ ಮಾಡುತ್ತದೆಂಬುದೂ ನಿಜ. ಆದರೆ ಮೂವರು ಕುಳಿತು ಹಳೆಯ ಚಿತ್ರವನ್ನು ಹುಡುಕತೊಡಗಿದ ಗಳಿಗೆಯಲ್ಲಿಯೇ ಚೌಕಟ್ಟುಗಳು ಉದುರುವುದನ್ನು ಕಂಡವರಿಗೆ ಕಾರಣವು ಇದೆಂದು ತಿಳಿದಿರಲಿ.

ಆದುದರಿಂದ ಕಿರ್ದಿಗೆ ಆರು ಸಣ್ಣ ಡಿಸ್ಕುಗಳ ರೇಡ್ 10 ಅಥವಾ ಒಂದಕ್ಕೊಂದು ಪ್ರತಿಬಿಂಬವಾದ, ಮುಳ್ಳೂ ತಟ್ಟೆಯೂ ಇಲ್ಲದ ಎರಡು ಎಸ್‌ಎಸ್‌ಡಿಗಳು ತಕ್ಕವು. ಎಸ್‌ಎಸ್‌ಡಿಯ ವೇಗವು ನಿಸ್ಸಂದೇಹವಾದದ್ದು. ಅದರ ಆಯುಷ್ಯವನ್ನು ಮಾತ್ರ ಕೇಳಿ ತಿಳಿಯಬೇಕು. ಒಟ್ಟು 600 ಟೆರಾಬೈಟ್ ಬರೆಯುವವರೆಗೆ ಖಾತರಿಯುಳ್ಳ ಮನೆಬಳಕೆಯ ಒಂದು ಎಸ್‌ಎಸ್‌ಡಿಯು ದಿನಕ್ಕೊಂದು ಟೆರಾಬೈಟಿನ ಈ ಹೊರೆಯಲ್ಲಿ ಸುಮಾರು 19 ತಿಂಗಳಿಗೆ ತನ್ನ ಋಣವನ್ನು ತೀರಿಸಿಕೊಳ್ಳುತ್ತದೆ. ಸರ್ವರಿಗೆಂದು ಮಾಡಿದ, ದಿನಕ್ಕೊಮ್ಮೆ ತನ್ನನ್ನು ತಾನು ಪೂರ್ತಿ ತುಂಬಿಕೊಂಡರೂ ಐದು ವರ್ಷ ಬಾಳುವ 3.84 ಟೆರಾಬೈಟಿನದಾದರೆ ಮೂರು ದಿನಗಳ ಚಿತ್ರವನ್ನು ಆರಾಮವಾಗಿ ಹಿಡಿದು ಬಹುಕಾಲ ಉಳಿಯುತ್ತದೆ. ಕಿರ್ದಿಯಿಂದ ಖಾತೆಗೆ ಸಾಗಣೆಯನ್ನು ದಿನಕ್ಕೊಮ್ಮೆ, ಬೆಳಗಿನ ಜಾವ ಇಡುವುದು ರೂಢಿ. ನನಗೆ ಅದು ಸರಿತೋರದು. ಒಂದು ಟೆರಾಬೈಟನ್ನು ಎರಡು ಗಂಟೆಗಳಲ್ಲಿ ಸಾಗಿಸಲು ಸೆಕೆಂಡಿಗೆ 140ಕ್ಕೂ ಹೆಚ್ಚು ಮೆಗಾಬೈಟ್ ಎಳೆಯಬೇಕು, ಅದೇ ಹೊತ್ತಿಗೆ ಹೊಸ ಚಿತ್ರವೂ ಬರುತ್ತಿರುತ್ತದೆ. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಏರಿಸಿದರೆ ಯಾವ ಡಿಸ್ಕಿಗೂ ಏದುಸಿರಿಲ್ಲ. ಖಾತೆಗೆ ಬರುವ ಬರವಣಿಗೆಯು ಉದ್ದುದ್ದನೆಯ ಸಾಲುಗಳದ್ದಾದುದರಿಂದ ರೇಡ್ 6ರ ದಂಡವು ಅಲ್ಲಿ ಬಾಧಿಸುವುದಿಲ್ಲ: ಹನ್ನೆರಡು 16 ಟೆರಾಬೈಟಿನ ಡಿಸ್ಕುಗಳು ರೇಡ್ 6ರಲ್ಲಿ 160 ಕೊಡುತ್ತವೆ, ಅದು ನಮ್ಮ 150ಕ್ಕೆ ಒಗ್ಗುತ್ತದೆ. ಹದಿಮೂರನೆಯದೊಂದನ್ನು ಸುಮ್ಮನೆ ಗೂಡಿನಲ್ಲಿ ಕಾಯುತ್ತಿರಿಸಿ. ವಿಂಡೋಸಿನ ಮೇಲೆ ಕಟ್ಟುವವರು ಡಿಸ್ಕನ್ನು 64 ಕಿಲೋಬೈಟಿನ ಘಟಕದಲ್ಲಿ ಫಾರ್ಮ್ಯಾಟ್ ಮಾಡುವುದನ್ನೂ, ವೈರಸ್ ತಡೆಯುವ ತಂತ್ರಾಂಶವು ಚಿತ್ರದ ಕಡತಗಳನ್ನು ಮೂಸದಂತೆ ಹೊರಗಿಡುವುದನ್ನೂ ಮರೆಯಬಾರದು. ಹಳೆಯದಾದಂತೆ ಸೆಕೆಂಡಿನ ಚೌಕಟ್ಟುಗಳನ್ನು ಕಡಿತಗೊಳಿಸಿ ಎಡೆ ಉಳಿಸುವ ಸೌಕರ್ಯವೂ ಕೆಲವು ತಂತ್ರಾಂಶಗಳಲ್ಲಿದೆ. ಮುದ್ರಿಕೆಯನ್ನು ತಿದ್ದಕೂಡದೆಂಬ ಕಾನೂನುಳ್ಳ ಈ ನಾಡಿನಲ್ಲಿ ನಾನಾದರೆ ಅದರ ಗೊಡವೆಗೆ ಹೋಗಲಾರೆ.

ಮೋಡದಲ್ಲಿ, ಅಂದರೆ ಅಂತರಜಾಲದ ಆಚೆಯ ಯಂತ್ರಗಳಲ್ಲಿ, ಇಟ್ಟರೆ ಆಗದೇ ಎಂದು ಕೇಳುವ ತರುಣರಿದ್ದಾರೆ. ಎಂಟು ಕ್ಯಾಮೆರಾಗೇ ಹಗಲಿರುಳು 16 ಮೆಗಾಬಿಟ್ಟಿನ ಹೊರಹರಿವು ಬೇಕು, ಮತ್ತು ಚಿತ್ರವು ಯಾವ ದೇಶದ ಯಾವ ಯಂತ್ರದಲ್ಲಿ ಕುಳಿತಿದೆಯೆಂಬುದಕ್ಕೆ ಉತ್ತರ ಕೊಡಬೇಕಾದವರು ಅಂಗಡಿಯವರೇ ಆಗುತ್ತಾರೆ. ಲಿಂಕು ಕಡಿದ ಹೊತ್ತಿನ ಕಂದಕವನ್ನು ತುಂಬಲು ಕ್ಯಾಮೆರಾದೊಳಗೇ ಒಂದು ಹೆಚ್ಚು ಬಾಳಿಕೆಯ ಮೆಮೊರಿ ಕಾರ್ಡ್ ಹಾಕಿಡುವುದು ಅದಕ್ಕಿಂತ ಉತ್ತಮ ಹೂಡಿಕೆ.

ಹಾಗೆಯೇ ಒಂದು ಅಡ್ಡಮಾತು. ಟೇಪಿನ ಮೇಲೆ ಚಿತ್ರ ಮುದ್ರಿಸುವ ಮೊದಲ ವ್ಯಾಪಾರೀ ಯಂತ್ರವನ್ನು ಆಂಪೆಕ್ಸ್ ಸಂಸ್ಥೆಯು ತೋರಿಸಿದ್ದೂ, ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಹೊರತಂದದ್ದೂ, ನಮ್ಮ ಕನ್ನಡ ನಾಡು ಒಂದಾದದ್ದೂ 1956ರಲ್ಲಿಯೇ. ಆ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಮಿತ್ರರ ಎಂಟು ಕ್ಯಾಮೆರಾಗಳು ಅದನ್ನು ಮೂರು ಸೆಕೆಂಡಿನೊಳಗೆ ತುಂಬಿ ಮುಗಿಸುತ್ತಿದ್ದವು. ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೆಯೇ ಬರೆಯುವ ಈ ಡಬ್ಬಿಗಳ ಕ್ರಮವಂತೂ ನಮಗೆ ಹೊಸದೇ ಅಲ್ಲ. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಬಳಪದಲ್ಲಿ ಬರೆದು, ಬೇಡವಾದಾಗ ಒರಸಿ ಮತ್ತೆ ಬರೆಯುತ್ತಿದ್ದ ಕಡತವೆಂಬ ಮಡಿಕೆಪುಸ್ತಕದಲ್ಲಿ ನಮ್ಮ ಹಿರಿಯರು ಲೆಕ್ಕವಿಟ್ಟವರು.

ಸೆಕೆಯ ಮಾತನ್ನಾಡದೆ ಕುವೈತಿನ ಯಾವ ವಿಷಯವೂ ಪೂರ್ಣವಾಗದು. ಈ ದೇಶದ ಮಿತ್ರಿಬಾ ಎಂಬಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ಉಷ್ಣವು ದಾಖಲಾಯಿತು. ಡಿಸ್ಕುಗಳ ತಯಾರಕರು 60ರಿಂದ 70 ಡಿಗ್ರಿಯೊಳಗೆ ಯಾವುದೋ ಒಂದನ್ನು ಮೇಲ್ಮಿತಿಯೆಂದು ಬರೆಯುತ್ತಾರಾದರೂ, ಗಲ್ಲೆಯ ಕೆಳಗಿನ ಬಾಗಿಲು ಮುಚ್ಚಿದ ಕಪಾಟಿನಲ್ಲಿ, ಅಕ್ಕಿಮೂಟೆಗೂ ಫ್ರಿಜ್ಜಿನ ಬೆನ್ನಿಗೂ ನಡುವೆ ತುರುಕಿದ ಎನ್‌ವಿಆರಿನೊಳಗೆ, ರಾತ್ರಿ ಏಸಿ ನಿಲ್ಲಿಸಿ ಹೋದ ಬಳಿಕ, ಆ ಮಿತಿಯು ದೂರವೇನೂ ಇರುವುದಿಲ್ಲ. ಡಿಸ್ಕಿನ ಉಷ್ಣವನ್ನು ಡಬ್ಬಿಯೇ ತೋರಿಸುತ್ತದೆ. ಅದು 45ನ್ನು ದಾಟದಂತೆ ನೋಡಿಕೊಳ್ಳುವುದನ್ನು ನಾನು ನಿಯಮ ಮಾಡಿಕೊಂಡಿದ್ದೇನೆ. ತೋಝ್ ಬಂದು ಹೋದ ಮರುದಿನ ಫ್ಯಾನಿನ ಜಾಲರಿಯನ್ನು ಬ್ರಷ್ಷಿನಿಂದ ಒರಸುವುದಕ್ಕೆ ಐದು ನಿಮಿಷ ಸಾಕು. ವಿದ್ಯುತ್ತಿನ ವಿಚಾರದಲ್ಲಿ ಫಹಾಹೀಲಿನವರು ಬಹುಕಾಲ ನಿಶ್ಚಿಂತರಾಗಿದ್ದರು. 2024ರ ಜೂನ್ ತಿಂಗಳಲ್ಲಿ, ಬೇಸಗೆಯ ಬೇಡಿಕೆಯನ್ನು ತಾಳಲಾರದೆ, ಸರ್ಕಾರವೇ ಪಾಳಿಯ ಮೇಲೆ ವಿದ್ಯುತ್ ಕಡಿತವನ್ನು ಪ್ರಕಟಿಸಿತು. ಊರಿನಲ್ಲಿ ಲೋಡ್ ಶೆಡ್ಡಿಂಗ್ ಕಂಡು ಬೆಳೆದ ನಮ್ಮವರಿಗೆ ಅದು ನಗುವ ವಿಷಯವಾಗಿ ತೋರಿದರೂ ಡಿಸ್ಕುಗಳಿಗೆ ಅಲ್ಲ, ಏಕೆಂದರೆ ಬರೆಯುವ ನಡುವೆ ಪ್ರಾಣ ಹೋದರೆ ಪುಟವೇ ಹರಿದಂತೆ. ಎನ್‌ವಿಆರಿಗೂ, ಕ್ಯಾಮೆರಾಗಳಿಗೆ ಜೀವ ಕೊಡುವ ಸ್ವಿಚ್ಚಿಗೂ ಸೇರಿ ಎರಡು ಗಂಟೆ ತಡೆಯುವ ಒಂದು ಯುಪಿಎಸ್ ಇರಲಿ. ರೌಟರನ್ನೂ ಅದಕ್ಕೇ ಸೇರಿಸಿದರೆ ಮತ್ತೂ ಒಳ್ಳೆಯದು.

ಗಡಿಯಾರವನ್ನು ಮರೆಯುವವರು ಬಹಳ. ಮಂಗಳೂರಿನಿಂದ ತಂದ ಡಬ್ಬಿಯೊಂದು ಭಾರತದ ಹೊತ್ತಿನಲ್ಲಿಯೇ ಓಡುತ್ತಿದ್ದುದರಿಂದ, ಕಳವಾದದ್ದು ಅಂಗಡಿ ಮುಚ್ಚಿದ ಮೇಲೆಂದು ಚಿತ್ರವೂ, ತೆರೆದಿರುವಾಗಲೇ ಎಂದು ಕೆಲಸಗಾರನೂ ಸಾಧಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡೂವರೆ ಗಂಟೆಯ ಆ ಅಂತರದಲ್ಲಿ ಆ ಬಡಪಾಯಿಯ ಕೆಲಸವೇ ಹೋಗುವುದರಲ್ಲಿತ್ತು. ಅಂತರಜಾಲದ ಸಮಯದೊಡನೆ ಡಬ್ಬಿಯೂ ಕ್ಯಾಮೆರಾಗಳೂ ತಾವಾಗಿ ಹೊಂದಿಕೊಳ್ಳುವಂತೆ ಒಮ್ಮೆ ನಿಯಮಿಸಿದರೆ ಮುಗಿಯಿತು.

ಸಾಕ್ಷ್ಯವಾಗಬಹುದಾದ ಘಟನೆಯೊಂದು ನಡೆದ ದಿನವೇ, ಆ ಭಾಗವು ಚಕ್ರದಲ್ಲಿ ಅಳಿಯದಂತೆ ಡಬ್ಬಿಯಲ್ಲಿರುವ ಬೀಗದ ಗುಂಡಿಯನ್ನು ಒತ್ತಿ, ಒಂದು ಪ್ರತಿಯನ್ನು ಹೊರತೆಗೆದು ಇಟ್ಟುಕೊಳ್ಳಬೇಕು. ಹೊರತೆಗೆದ ಕಡತದ ಹ್ಯಾಶ್ ಎಂಬ ಬೆರಳಚ್ಚಿನಂತಹ ಅಂಕಿಯನ್ನು ಬರೆದಿಡುವುದು ಅವಶ್ಯ. ಒಂದು ಬಿಟ್ಟು ಬದಲಾದರೂ ಆ ಅಂಕಿಯು ಬದಲಾಗುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವು ಆ ಅಂಕಿಯನ್ನೇ ಕೇಳುತ್ತದೆಂಬುದು, ಊರಿನಲ್ಲಿಯೂ ಅಂಗಡಿಯುಳ್ಳವರಿಗೆ ತಿಳಿದಿರತಕ್ಕ ವಿಷಯ. ರೇಡ್ ಇದೆಯೆಂದು ಪ್ರತಿಯೇ ಬೇಡವೆನ್ನುವವರು, ಕಳ್ಳನು ಡಬ್ಬಿಯನ್ನೇ ಹೊತ್ತುಕೊಂಡು ಹೋದರೆ ಎಲ್ಲ ಡಿಸ್ಕುಗಳೂ ಒಟ್ಟಿಗೇ ಹೋಗುವುವೆಂಬುದನ್ನು ಯೋಚಿಸಿಲ್ಲ.

ಮಿತ್ರರ ಬಖಾಲದಲ್ಲಿ ಈಗ ನಾಲ್ಕು ಡಿಸ್ಕುಗಳಿವೆ. ತಿಂಗಳ ಮೊದಲ ಶುಕ್ರವಾರ ಬೆಳಗ್ಗೆ, ಅಂಗಡಿಯಲ್ಲಿ ಜನವಿಲ್ಲದಾಗ, ಅವರು 119 ದಿನಗಳ ಹಿಂದಿನ ಯಾವುದಾದರೊಂದು ಗಂಟೆಯನ್ನು ತೆರೆದು ನೋಡುತ್ತಾರೆ. ಚಿತ್ರವು ಓಡಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು. ಡಬ್ಬಿಯ ದೀಪವು ಹಸಿರಾಗಿದೆಯೆಂದು ಸುಮ್ಮನಿರುವುದಕ್ಕಿಂತ ಇದು ಎಷ್ಟೋ ಮೇಲು. ಹಳೆಯ 4 ಟೆರಾಬೈಟಿನ ಡಬ್ಬಿಯನ್ನು ಏನು ಮಾಡಿದಿರೆಂದು ನಾನು ಬಹಳ ದಿನಗಳ ಮೇಲೆ ಕೇಳಿದೆನು. ಕೊಲ್ಲಿಯಲ್ಲಿ ಯಾವುದನ್ನು ತಾನೇ ಬಿಸಾಡುತ್ತಾರೆ? ಹಾಲಿನ ಪುಡಿ, ಕಂಬಳಿ, ಟ್ಯಾಂಗ್ ಡಬ್ಬಿಗಳ ಜೊತೆಗೆ ಅದೂ ಕಾರ್ಗೋ ಪೆಟ್ಟಿಗೆಯಲ್ಲಿ ಊರಿಗೆ ಹೋಗಿತ್ತು, ಹೊಸ ಮನೆಯ ಗೇಟಿಗಾಗುತ್ತದೆಂದು. ಅಳಿಸಿ ಕಳುಹಿಸಿದಿರಾ ಎಂದರೆ ಅವರು ಉತ್ತರ ಕೊಡದೆ ಫೋನೆತ್ತಿದರು. ಅತ್ತಲಿಂದ ಅವರ ಅಳಿಯನು, ಟಿವಿಗೆ ತಂತಿ ಸಿಕ್ಕಿಸಿದೊಡನೆ ಅರಬ್ಬಿ ಗಿರಾಕಿಗಳೂ, ಖುಬ್ಬೂಸ್ ರೊಟ್ಟಿ ಕೊಳ್ಳಲು ಬಂದ ಮಕ್ಕಳೂ, ಗಲ್ಲೆಯ ಹಿಂದೆ ತೂಕಡಿಸುತ್ತಿರುವ ಮಾವನೂ ಕಾಣಿಸಿದರೆಂದು ಬಹಳ ಸಂತೋಷದಿಂದ ವರದಿ ಮಾಡಿದನು. ಮೊದಲಿನಿಂದ ಕೊನೆಯವರೆಗೆ ಒಮ್ಮೆ ಪೂರ್ತಿಯಾಗಿ ಸೊನ್ನೆ ಬರೆದು ಅಳಿಸುವ ವಿಧಾನವನ್ನು ಅವನಿಗೆ ಫೋನಿನಲ್ಲಿಯೇ ಹೇಳಿಕೊಟ್ಟೆನು; 4 ಟೆರಾಬೈಟಿಗೆ ಒಂದು ರಾತ್ರಿ ಹಿಡಿಯಿತಂತೆ.